ನಿಮ್ಮ ಬೆಲೆ ತಲೆಗೆ 15 ಪೈಸೆ

ಮೊದಲು ಒಂದು ಸಣ್ಣ ಲೆಕ್ಕ ಹೇಳ್ತೀನಿ, ಕೇಳಿ.

2020ರ ಅಕ್ಟೋಬರ್ ಕೊನೆ. ಕೊರೊನಾ ಕಾಲ. ಮನೆಯಿಂದ ಹೊರಗೆ ಕಾಲಿಡೋಕೆ ಹೆದರಿ ಅರ್ಧ ಬೆಂಗಳೂರು ಸೊಪ್ಪು, ತರಕಾರಿ, ಅಕ್ಕಿ, ಬೇಳೆಯನ್ನೆಲ್ಲ ಫೋನಿನಲ್ಲೇ ತರಿಸಿಕೊಳ್ತಿತ್ತು. ಆಗ ಸೈಬಲ್ ಅನ್ನೋ ಸೈಬರ್ ಭದ್ರತಾ ಸಂಸ್ಥೆಯೊಂದು ಡಾರ್ಕ್ ವೆಬ್‌ನಲ್ಲಿ, ಅಂದ್ರೆ ಇಂಟರ್ನೆಟ್ಟಿನ ಕಳ್ಳಸಂತೆಯಲ್ಲಿ, ಒಂದು ಸರಕು ಮಾರಾಟಕ್ಕಿರೋದನ್ನ ಪತ್ತೆ ಹಚ್ಚಿತು. ಆ ಸರಕು ನಮ್ಮ ಕೆ.ಆರ್. ಪುರದ ಹಳೇ ಮದ್ರಾಸ್ ರಸ್ತೆಯಲ್ಲಿ ಕಚೇರಿ ಇಟ್ಟುಕೊಂಡಿದ್ದ ಬಿಗ್‌ಬಾಸ್ಕೆಟ್ ಕಂಪನಿಯ ಗ್ರಾಹಕರ ಪಟ್ಟಿ. ಸುಮಾರು 2 ಕೋಟಿ ಜನರದ್ದು. ಕೇಳಿದ ಬೆಲೆ 40 ಸಾವಿರ ಡಾಲರ್. ಅವತ್ತಿನ ದರದಲ್ಲಿ ಸುಮಾರು 30 ಲಕ್ಷ ರೂಪಾಯಿ.

ಈಗ 30 ಲಕ್ಷವನ್ನ 2 ಕೋಟಿಯಿಂದ ಭಾಗಿಸಿ. ತಲೆಗೆ ಬಂದದ್ದು 15 ಪೈಸೆ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ಬೆಲೆಯ ಹತ್ತಿರಕ್ಕೂ ಬರಲ್ಲ. ಮುಂದೆ 2021ರ ಏಪ್ರಿಲ್‌ನಲ್ಲಿ ಆ 15 ಪೈಸೆಯೂ ಉಳಿಯಲಿಲ್ಲ. ಶೈನಿಹಂಟರ್ಸ್ ಅನ್ನೋ ಹೆಸರಿನ ಹ್ಯಾಕರ್ ಗುಂಪು ಅದೇ ಪಟ್ಟಿಯನ್ನ ಪುಕ್ಕಟೆಯಾಗಿ ಎಲ್ಲರಿಗೂ ಹಂಚಿಬಿಟ್ಟಿತು.

ಪಟ್ಟಿಯಲ್ಲಿ ಏನೇನಿತ್ತು? ಹೆಸರು, ಇಮೇಲ್, ಮೊಬೈಲ್ ನಂಬರ್, ಮನೆ ವಿಳಾಸ, ಹುಟ್ಟಿದ ದಿನಾಂಕ, ಎಲ್ಲಿಂದ ಲಾಗಿನ್ ಆದ್ರಿ ಅನ್ನೋ ಗುರುತು, ಜೊತೆಗೆ ಪಾಸ್‌ವರ್ಡ್‌ನ ಹ್ಯಾಶ್. ಕಂಪನಿ ಬೆಂಗಳೂರಿನ ಸೈಬರ್ ಕ್ರೈಂ ಪೊಲೀಸರಿಗೆ ದೂರು ಕೊಟ್ಟಿತು. ಜೊತೆಗೆ, ಕ್ರೆಡಿಟ್ ಕಾರ್ಡ್ ನಂಬರಿನಂಥ ಹಣಕಾಸಿನ ವಿವರಗಳನ್ನ ನಾವು ಇಟ್ಟುಕೊಳ್ಳೋದೇ ಇಲ್ಲ, ಅವು ಸುರಕ್ಷಿತ ಅಂತಲೂ ಹೇಳಿತು. ಆ ಮಾತು ಸುಳ್ಳು ಅಂತ ನಾನು ಹೇಳ್ತಿಲ್ಲ. ನನ್ನ ಪ್ರಶ್ನೆ ಬೇರೆ. ಕಾರ್ಡ್ ನಂಬರ್ ಹೋಗಿಲ್ಲ ಅಂದ ಮಾತ್ರಕ್ಕೆ ನಮ್ಮ ದುಡ್ಡು ಸೇಫಾ?

ಬೀಸಿದ ಹಿಟ್ಟು ಮತ್ತು ಚಪ್ಪಲಿ ಟೋಕನ್

ಇಂಜಿನಿಯರಿಂಗ್ ಓದಿದ್ದಕ್ಕೆ ಇಷ್ಟಾದ್ರೂ ಪ್ರಯೋಜನ ಆಗಲಿ. ಎರಡು ತಾಂತ್ರಿಕ ಪದಗಳನ್ನ ಮೊದಲು ಬಿಡಿಸಿ ಹೇಳ್ತೀನಿ.

ಒಂದು, ಹ್ಯಾಶ್. ಮರ್ಯಾದಸ್ಥ ಕಂಪನಿ ನಿಮ್ಮ ಪಾಸ್‌ವರ್ಡನ್ನ ಇದ್ದ ಹಾಗೇ ಬರೆದಿಟ್ಟುಕೊಳ್ಳಲ್ಲ. ಅದನ್ನ ಒಂದು ಗಣಿತದ ಗಿರಣಿಗೆ ಹಾಕಿ ಬೀಸಿ, ಬಂದ ಹಿಟ್ಟನ್ನ ಮಾತ್ರ ಇಟ್ಟುಕೊಳ್ಳುತ್ತೆ. ರಾಗಿ ಬೀಸಿದ ಮೇಲೆ ಹಿಟ್ಟಿನಿಂದ ಮತ್ತೆ ಕಾಳು ಮಾಡೋಕಾಗಲ್ಲ, ಅಲ್ವಾ? ಹಾಗೆ. ಆದ್ರೆ ಕಳ್ಳ ದಡ್ಡನಲ್ಲ. ಜನ ಸಾಮಾನ್ಯವಾಗಿ ಇಡೋ ಲಕ್ಷಾಂತರ ಪಾಸ್‌ವರ್ಡ್‌ಗಳನ್ನ, ಮಗಳ ಹೆಸರು, ಹುಟ್ಟಿದ ವರ್ಷ, ಒಂದು ಎರಡು ಮೂರು ನಾಲ್ಕು, ಎಲ್ಲವನ್ನೂ ಅದೇ ಗಿರಣಿಗೆ ಹಾಕಿ ತಾನೂ ಬೀಸ್ತಾನೆ. ತನ್ನ ಹಿಟ್ಟು ನಿಮ್ಮ ಹಿಟ್ಟಿಗೆ ಹೊಂದಿದ ಕ್ಷಣ ನಿಮ್ಮ ಪಾಸ್‌ವರ್ಡ್ ಗೊತ್ತಾಯ್ತು. ಬಿಗ್‌ಬಾಸ್ಕೆಟ್ ಪಟ್ಟಿಯಲ್ಲಿದ್ದ ಹ್ಯಾಶ್ ಎಸ್‌ಎಚ್‌ಎ-1 ಅನ್ನೋ ಹಳೇ ವಿಧಾನದ್ದು. ಈ ಗಿರಣಿ ಬಹಳ ಬೇಗ ಬೀಸುತ್ತೆ. ಬೇಗ ಬೀಸೋ ಗಿರಣಿ ಕಳ್ಳನಿಗೇ ಅನುಕೂಲ. ಅದೇ ಪಾಸ್‌ವರ್ಡನ್ನ ನೀವು ಇಮೇಲ್‌ಗೂ ಇಟ್ಟಿದ್ರೆ ಕಥೆ ಮುಗೀತು. ಇಮೇಲ್ ಸಿಕ್ಕರೆ ಉಳಿದ ಎಲ್ಲ ಖಾತೆಯ ಪಾಸ್‌ವರ್ಡ್ ಬದಲಾಯಿಸೋ ದಾರಿ ಅಲ್ಲೇ ಇರುತ್ತೆ.

ಎರಡು, ಟೋಕನ್. 2022ಕ್ಕೆ ಮುಂಚೆ ಶಾಪಿಂಗ್ ಆ್ಯಪ್‌ನಲ್ಲಿ 'ಸೇವ್ ಕಾರ್ಡ್' ಒತ್ತಿದ್ರೆ ಕಾರ್ಡ್ ನಂಬರ್ ಆ ಕಂಪನಿಯ ಅಥವಾ ಅದರ ಪೇಮೆಂಟ್ ಏಜೆಂಟಿನ ಕಂಪ್ಯೂಟರ್‌ನಲ್ಲಿ ಹೋಗಿ ಕೂರ್ತಿತ್ತು. ಹತ್ತು ಆ್ಯಪ್, ಹತ್ತು ಕಡೆ ನಿಮ್ಮ ನಂಬರ್. ಇದರ ಅಪಾಯ ಕಣ್ಣಿಗೆ ಕಂಡದ್ದೂ ಬೆಂಗಳೂರಿನಲ್ಲೇ. ದೊಡ್ಡ ದೊಡ್ಡ ಆ್ಯಪ್‌ಗಳಿಗೆ ಪಾವತಿ ವ್ಯವಸ್ಥೆ ಒದಗಿಸೋ ಇಲ್ಲಿನ ಜಸ್‌ಪೇ ಕಂಪನಿಗೆ 2020ರ ಆಗಸ್ಟ್‌ನಲ್ಲಿ ಕನ್ನ ಬಿತ್ತು. ಜನಕ್ಕೆ ಗೊತ್ತಾಗಿದ್ದು 2021ರ ಜನವರಿಯಲ್ಲಿ, ಐದು ತಿಂಗಳು ಕಳೆದ ಮೇಲೆ. ಕಂಪನಿ ಒಪ್ಪಿಕೊಂಡ ಪ್ರಕಾರ ಹೋಗಿದ್ದು ಸುಮಾರು 3.5 ಕೋಟಿ ಕಾರ್ಡ್ ದಾಖಲೆ, ಅದೂ ಮಧ್ಯದ ಅಂಕಿ ಮರೆಮಾಡಿದ್ದು. ಪೂರ್ತಿ ನಂಬರ್ ಹೋಗಿಲ್ಲ ಅಂದರು. ಸರಿ. ಆದ್ರೆ ಜಸ್‌ಪೇ ಅನ್ನೋ ಹೆಸರನ್ನೇ ಕೇಳಿರದ ಜನ ತಮ್ಮ ಕಾರ್ಡಿನ ವಿವರ ಅಲ್ಲಿತ್ತು ಅಂತ ಅವತ್ತು ಮೊದಲ ಸಲ ತಿಳ್ಕೊಂಡರು. ನೀವು ಕೊಟ್ಟಿದ್ದು ಒಬ್ಬರಿಗೆ, ಅದು ಇದ್ದದ್ದು ಇನ್ನೊಬ್ಬರ ಹತ್ತಿರ.

ರಿಸರ್ವ್ ಬ್ಯಾಂಕ್ ಇದಕ್ಕೆ ಒಂದು ಕಡಿವಾಣ ಹಾಕಿತು. ಎರಡು ಮೂರು ಸಲ ಗಡುವು ಮುಂದೂಡಿ, ಕೊನೆಗೆ 2022ರ ಅಕ್ಟೋಬರ್ 1ರಿಂದ ಮಾರಾಟದ ಆ್ಯಪ್‌ಗಳು ನಿಮ್ಮ ಪೂರ್ತಿ ಕಾರ್ಡ್ ನಂಬರ್ ಇಟ್ಟುಕೊಳ್ಳುವಂತಿಲ್ಲ ಅನ್ನೋ ನಿಯಮ ಜಾರಿಯಾಯ್ತು. ನಂಬರಿನ ಬದಲು ಟೋಕನ್. ಹಲಸೂರು ಸೋಮೇಶ್ವರ ದೇವಸ್ಥಾನಕ್ಕೆ ಹೋಗ್ತೀರಿ, ಚಪ್ಪಲಿ ಬಿಟ್ಟು 47ನೇ ನಂಬರಿನ ಟೋಕನ್ ತಗೊಳ್ತೀರಿ ಅನ್ಕೊಳ್ಳಿ. ಆ ಟೋಕನ್ ಹಿಡ್ಕೊಂಡು ಬೇರೆ ದೇವಸ್ಥಾನದಲ್ಲಿ ಚಪ್ಪಲಿ ಕೇಳಿದ್ರೆ ಕೊಡ್ತಾರಾ? ಇಲ್ಲ. ಕಾರ್ಡಿನ ಟೋಕನ್ನೂ ಹಾಗೇ. ಒಂದು ಆ್ಯಪ್‌ಗೆ ಕೊಟ್ಟ ಟೋಕನ್ ಇನ್ನೊಂದು ಕಡೆ ಕೆಲಸಕ್ಕೆ ಬರಲ್ಲ. ಕಳ್ಳ ಹೊತ್ತೊಯ್ದರೂ ಅವನಿಗೆ ಸಿಗೋದು ಬರೀ ಬಿಲ್ಲೆ. ಒಳ್ಳೆ ನಿಯಮ. ಹಾಗಾಗಿ ಹೆಸರಿರೋ ಆ್ಯಪ್ ಒಂದು, ನಿಯಮದ ಪ್ರಕಾರ ಕಾರ್ಡ್ ಸುರಕ್ಷಿತವಾಗಿ ಇಡ್ತೀವಿ, ಒಪ್ಪಿಗೆ ಕೊಡಿ ಅಂತ ಕೇಳಿದ್ರೆ ಗಾಬರಿ ಬೀಳಬೇಕಿಲ್ಲ.

ಅಲ್ಲಿಗೆ ಬೀಗ ಭದ್ರವಾಯ್ತು. ಆದ್ರೆ ಬೀಗ ಭದ್ರವಾದಾಗ ಕಳ್ಳ ಏನ್ ಮಾಡ್ತಾನೆ? ಬಾಗಿಲು ತಟ್ಟಿ, ನಿಮ್ಮ ಕೈಯಲ್ಲೇ ತೆಗೆಸ್ತಾನೆ.

ಕಳ್ಳನಿಗೆ ಬೇಕಿರೋದು ನಿಮ್ಮ ನಂಬಿಕೆ

ಹೀಗೊಂದು ಫೋನ್ ಬಂತು ಅಂತ ಇಟ್ಕೊಳ್ಳಿ. "ನಮಸ್ಕಾರ ಮೇಡಂ, ಇಂದಿರಾನಗರದ ನಿಮ್ಮ ಮನೆಗೆ ಮೊನ್ನೆ ಡೆಲಿವರಿ ಆಯ್ತಲ್ಲ, ಅದರಲ್ಲಿ ಒಂದು ಐಟಂಗೆ ಎರಡು ಸಲ ಬಿಲ್ ಆಗಿದೆ. 340 ರೂಪಾಯಿ ವಾಪಸ್ ಕೊಡಬೇಕು. ನಿಮ್ಮ ಹುಟ್ಟಿದ ದಿನಾಂಕ ಇಂಥದ್ದು ಅಲ್ವಾ? ಸರಿ, ಈಗ ಒಂದು ನಂಬರ್ ಬರುತ್ತೆ, ಹೇಳಿ." ನಿಮ್ಮ ಹೆಸರು, ವಿಳಾಸ, ಹುಟ್ಟಿದ ದಿನ, ಯಾವ ಆ್ಯಪ್‌ನಲ್ಲಿ ತರಿಸ್ತೀರಿ ಅನ್ನೋದು ಎಲ್ಲವೂ ಗೊತ್ತಿರೋನು ಕಂಪನಿಯವನೇ ಇರಬೇಕು ಅಂತ ಯಾರಿಗಾದ್ರೂ ಅನ್ನಿಸುತ್ತೆ. ಅದರಲ್ಲೂ ಮನೆಯಲ್ಲಿ ಒಬ್ಬರೇ ಇರೋ ಅಜ್ಜ ಅಜ್ಜಿಗೆ. ಅವರು ಒಟಿಪಿ ಹೇಳ್ತಾರೆ. ಅಲ್ಲಿಗೆ ಪಿಂಚಣಿ ದುಡ್ಡು ಖಾಲಿ.

ಇಲ್ಲೇ ಇರೋದು ನೋಡಿ ಅಸಲಿ ವಿಷಯ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಒಂದಿದೆ. ಗ್ರಾಹಕನ ತಪ್ಪಿಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ, ಮಧ್ಯದ ವ್ಯವಸ್ಥೆಯ ಲೋಪದಿಂದ ದುಡ್ಡು ಹೋದರೆ, ಬ್ಯಾಂಕಿನಿಂದ ಸಂದೇಶ ಬಂದ 3 ಕೆಲಸದ ದಿನಗಳೊಳಗೆ ತಿಳಿಸಿದ್ರೆ ಗ್ರಾಹಕನಿಗೆ ಒಂದು ಪೈಸೆಯ ಹೊಣೆಯೂ ಇಲ್ಲ. 4ರಿಂದ 7 ಕೆಲಸದ ದಿನದೊಳಗೆ ತಿಳಿಸಿದ್ರೆ, ಸಾಮಾನ್ಯ ಉಳಿತಾಯ ಖಾತೆಯವರಿಗೆ ಹೆಚ್ಚೆಂದರೆ 10 ಸಾವಿರ ರೂಪಾಯಿವರೆಗಿನ ನಷ್ಟ. ಅದಕ್ಕೂ ತಡ ಮಾಡಿದ್ರೆ ಬ್ಯಾಂಕಿನ ನೀತಿಯಂತೆ. ಬಹಳ ಜನಕ್ಕೆ ಈ ನಿಯಮ ಗೊತ್ತೇ ಇಲ್ಲ. ಆದ್ರೆ ಅದೇ ಸುತ್ತೋಲೆಯಲ್ಲಿ ಇನ್ನೊಂದು ಮಾತೂ ಇದೆ. ಗ್ರಾಹಕ ತಾನೇ ಪಾವತಿಯ ಗುಟ್ಟನ್ನ ಹಂಚಿಕೊಂಡು ದುಡ್ಡು ಕಳ್ಕೊಂಡ್ರೆ, ಬ್ಯಾಂಕಿಗೆ ತಿಳಿಸೋವರೆಗಿನ ನಷ್ಟ ಪೂರ್ತಿ ಅವನದ್ದೇ.

ಈಗ ಎರಡನ್ನೂ ಜೋಡಿಸಿ ನೋಡಿ. ಪಟ್ಟಿ ಸೋರಿದ್ದು ಕಂಪನಿಯಿಂದ. ಆ ಪಟ್ಟಿ ನೋಡಿ ಫೋನ್ ಮಾಡಿದ್ದು ಕಳ್ಳ. ಆದ್ರೆ ಒಟಿಪಿ ಹೇಳಿದ್ದು ಅಜ್ಜಿ. ಕಾಗದದ ಮೇಲೆ ನಿರ್ಲಕ್ಷ್ಯ ಯಾರದ್ದು? ಅಜ್ಜಿಯದ್ದು! ಕಾರ್ಡ್ ನಂಬರ್ ಹೋಗಿಲ್ಲ, ಹಣಕಾಸಿನ ವಿವರ ಸುರಕ್ಷಿತ ಅನ್ನೋ ಸಮಾಧಾನ ಅರ್ಧ ಸತ್ಯ ಅಂತ ನಾನು ಹೇಳೋದು ಇದಕ್ಕೇ. ವಿಳಾಸ, ಜನ್ಮದಿನ, ಖರೀದಿಯ ಅಭ್ಯಾಸ, ಇವೆಲ್ಲವೂ ಹಣಕಾಸಿನ ವಿವರಗಳೇ. ಅವು ನೇರವಾಗಿ ಬ್ಯಾಂಕಿನ ಬಾಗಿಲು ತೆಗೆಯಲ್ಲ, ಬಾಗಿಲು ತೆಗೆಯೋ ನಿಮ್ಮ ಕೈಯನ್ನ ನಂಬಿಸುತ್ತವೆ.

ಹಿಂದೆ ಹಲಸೂರು ಬಜಾರಿನ ದಿನಸಿ ಅಂಗಡಿಯವರ ಹತ್ತಿರವೂ ನಮ್ಮ ಲೆಕ್ಕ ಇರ್ತಿತ್ತು. ಯಾರ ಮನೆಯಲ್ಲಿ ಎಷ್ಟು ಉದ್ರಿ, ಯಾರಿಗೆ ಯಾವ ತಾರೀಕಿಗೆ ಸಂಬಳ, ಎಲ್ಲವೂ ಕೆಂಪು ರಟ್ಟಿನ ಖಾತೆ ಪುಸ್ತಕದಲ್ಲಿ. ಆ ಪುಸ್ತಕ ಕಳೆದ್ರೆ ಒಂದು ಬೀದಿಯ ಇನ್ನೂರು ಮನೆಯ ಗುಟ್ಟು ರಟ್ಟು. ಅಂಗಡಿಯವರು ಮಾರನೇ ದಿನ ಅದೇ ಗಲ್ಲಾಪೆಟ್ಟಿಗೆ ಮುಂದೆ ಕೂತು ನಿಮಗೆ ಮುಖ ತೋರಿಸಲೇಬೇಕಿತ್ತು. ಇಲ್ಲಿ 2 ಕೋಟಿ ಮನೆಯ ಖಾತೆ ಪುಸ್ತಕ ಕಳೆದಿದೆ. ಮುಖ ತೋರಿಸಿದ್ಯಾರು?

ಮಾರೋರ ಕಥೆ ಇನ್ನೊಂದು

ಕೊಳ್ಳೋರಿಗಿಂತ ಹೆಚ್ಚು ವಿವರ ಕೊಡೋರು ಮಾರೋರು. ಶಿವಾಜಿನಗರದಲ್ಲೋ, ಕಮರ್ಷಿಯಲ್ ಸ್ಟ್ರೀಟ್ ಹಿಂದಿನ ಗಲ್ಲಿಯಲ್ಲೋ ಬಟ್ಟೆ ಅಂಗಡಿ ಇಟ್ಟ ಒಬ್ಬ ವ್ಯಾಪಾರಿ ಆನ್‌ಲೈನ್‌ನಲ್ಲೂ ಮಾರೋಣ ಅಂತ ಹೊರಟ್ರೆ ಪ್ಯಾನ್, ಜಿಎಸ್‌ಟಿ ನಂಬರ್, ಬ್ಯಾಂಕ್ ಖಾತೆ, ಕ್ಯಾನ್ಸಲ್ ಮಾಡಿದ ಚೆಕ್, ವಿಳಾಸದ ದಾಖಲೆ, ಎಲ್ಲ ಕೊಡಬೇಕು. ಇದೆಲ್ಲ ಯಾಕೆ ಕೇಳ್ತಾರೆ ಅನ್ನೋದು ನ್ಯಾಯವಾದ ಪ್ರಶ್ನೆ.

ಕೆಲವಕ್ಕೆ ಕಾರಣ ಇದೆ. 2020ರ ಅಕ್ಟೋಬರ್‌ನಿಂದ ಆದಾಯ ತೆರಿಗೆಯ 194-ಒ ನಿಯಮದಂತೆ ಆನ್‌ಲೈನ್ ವೇದಿಕೆಗಳು ಮಾರಾಟಗಾರರ ಹಣದಲ್ಲಿ ಟಿಡಿಎಸ್ ಹಿಡಿಯಬೇಕು. ಮೊದಲು ಶೇ. 1 ಇತ್ತು, 2024ರ ಅಕ್ಟೋಬರ್‌ನಿಂದ ಶೇ. 0.1 ಆಗಿದೆ. ಜಿಎಸ್‌ಟಿಯಲ್ಲೂ ಇಂಥದ್ದೇ ಒಂದು ಹಿಡಿತ ಇದೆ, ಈಗ ಶೇ. 0.5. ಹಾಗಾಗಿ ಪ್ಯಾನ್ ಕೇಳೋದು ಸರಿ. ನಿಮ್ಮ ದುಡ್ಡು ನಿಮಗೆ ಹಾಕೋಕೆ ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್ ಬೇಕು, ಅದೂ ಸರಿ. ಬರೀ ಖಾತೆ ಸಂಖ್ಯೆ ಗೊತ್ತಿದ್ದ ಮಾತ್ರಕ್ಕೆ ಯಾರೂ ನಿಮ್ಮ ದುಡ್ಡು ತೆಗೆಯೋಕಾಗಲ್ಲ. ಆದ್ರೆ ಪ್ಯಾನ್ ಪ್ರತಿ, ಆಧಾರ್ ಪ್ರತಿ, ಸಹಿ, ಫೋಟೊ ನಾಲ್ಕೂ ಒಟ್ಟಿಗೆ ಒಬ್ಬನ ಕೈ ಸೇರಿದ್ರೆ ನಿಮ್ಮ ಹೆಸರಲ್ಲಿ ಸಾಲ ಎತ್ತೋ ದಾರಿ ತೆರೆಯುತ್ತೆ. ಎಟಿಎಂ ಪಿನ್, ಯುಪಿಐ ಪಿನ್, ಕಾರ್ಡಿನ ಹಿಂದಿನ ಸಿವಿವಿ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್, ಇವನ್ನ ಯಾವ ವೇದಿಕೆಗೂ ಮಾರಾಟಗಾರನಿಂದ ಕೇಳೋ ಕಾರಣವೇ ಇಲ್ಲ. ಕೇಳಿದ್ರೆ ಅವನು ವೇದಿಕೆಯವನಲ್ಲ.

ಇನ್ನು ಹಳೇ ಸೋಫಾ, ಫ್ರಿಜ್ ಮಾರೋರು. ಐಟಿಯವರು ಹೆಚ್ಚಿರೋ ನಮ್ಮ ಪೂರ್ವ ಬೆಂಗಳೂರಿನಲ್ಲಿ ಮನೆ ಬದಲಾಯಿಸೋದು ಜಾಸ್ತಿ, ಹಳೇ ಸಾಮಾನು ಆನ್‌ಲೈನ್‌ನಲ್ಲಿ ಮಾರೋದೂ ಜಾಸ್ತಿ. ಮೋಸದ ದಾರಿ ಒಂದೇ ಥರ ಇರುತ್ತೆ. ಮಿಲಿಟರಿಯವನು ಅಂತ ಹೇಳ್ಕೊಂಡು ಫೋನ್ ಮಾಡ್ತಾನೆ, ಗುರುತಿನ ಚೀಟಿಯ ಫೋಟೊ ಕಳಿಸ್ತಾನೆ, ಚೌಕಾಸಿ ಮಾಡಲ್ಲ. "ಕ್ಯೂಆರ್ ಕೋಡ್ ಕಳಿಸ್ತೀನಿ, ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ದುಡ್ಡು ಬರುತ್ತೆ" ಅಂತಾನೆ. ಸ್ವಾಮಿ, ದುಡ್ಡು ತಗೊಳ್ಳೋಕೆ ಪಿನ್ ಬೇಕಾಗಿಲ್ಲ. ಪಿನ್ ಹಾಕೋದು ದುಡ್ಡು ಕೊಡೋಕೆ ಮಾತ್ರ. ಇದನ್ನ ಎಷ್ಟು ಸಲ ಹೇಳಿದ್ರೂ ಕಡಿಮೆ. ಇಂಥ ಮೋಸ ತಡೆಯೋಕೆ 2025ರ ಅಕ್ಟೋಬರ್ 1ರಿಂದ ಯುಪಿಐನಲ್ಲಿ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಣ ಕೊಡು ಅಂತ ಕೋರಿಕೆ ಕಳಿಸೋ ಸೌಲಭ್ಯವನ್ನೇ ನಿಲ್ಲಿಸಿದ್ದಾರೆ. ಆದ್ರೆ ಕ್ಯೂಆರ್ ಕೋಡ್ ನಿಂತಿಲ್ಲ, ಎಚ್ಚರ ಬಿಡಬೇಡಿ.

ಕೊಟ್ಟಿದ್ದು ಒಂದಕ್ಕೆ, ಬಳಸಿದ್ದು ಇನ್ನೊಂದಕ್ಕೆ

ಸೋರಿಕೆ ಒಂದು ಭಯ. ಇನ್ನೊಂದು ಭಯ ನಮ್ಮ ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ ಕಂಡರು. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಅಂಕಿ ಅಂಶ ತರಿಸಿಕೊಂಡು ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಯವರಿಗೆಲ್ಲ ಜಿಎಸ್‌ಟಿ ನೋಟಿಸ್ ಕೊಟ್ಟಿತು. ಮಾರನೇ ವಾರವೇ ಅಂಗಡಿ ಮುಂದೆ 'ಯುಪಿಐ ಇಲ್ಲ, ಕ್ಯಾಶ್ ಮಾತ್ರ' ಅನ್ನೋ ಬೋರ್ಡ್ ಬಂತು. ಗಲಾಟೆ ಜೋರಾದ ಮೇಲೆ ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂದರು.

ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಸರಕು ಮಾರೋರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ಕಾನೂನು. ಕೇಳಬೇಕಾದ ಪ್ರಶ್ನೆ ಇಷ್ಟೇ. ಚಿಲ್ಲರೆ ತಾಪತ್ರಯ ತಪ್ಪಲಿ ಅಂತ ಕ್ಯೂಆರ್ ಕೋಡ್ ಅಂಟಿಸಿದವನಿಗೆ, ಮನೆಗೆ ಬಂದ ದುಡ್ಡು, ಸಾಲ ವಾಪಸ್ ಬಂದ ದುಡ್ಡು, ಅಂಗಡಿ ದುಡ್ಡು ಎಲ್ಲ ಸೇರಿ ಒಂದೇ ಮೊತ್ತವಾಗಿ ಕಾಣುತ್ತೆ ಅಂತ ಯಾರಾದ್ರೂ ಮೊದಲೇ ಹೇಳಿದ್ರಾ? ಇಲ್ಲ. ಮಾಹಿತಿ ಕೊಡೋನಿಗೆ ಅದು ಎಲ್ಲಿಗೆ ಹೋಗುತ್ತೆ ಅನ್ನೋದು ಗೊತ್ತಿರಬೇಕು.

ಬೆಂಗಳೂರಿನ ಹಿರಿಯರೊಬ್ಬರು ಕೊಡಿಸಿದ ಹಕ್ಕು

ಈ ಹಕ್ಕಿಗೆ ಒಂದು ಹೆಸರಿದೆ, ಆ ಹೆಸರು ನಮ್ಮವರದ್ದು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕು ಅಂತ ಒಮ್ಮತದಿಂದ ತೀರ್ಪು ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ದೇಶದ ಕಾನೂನು ಪುಸ್ತಕಗಳಲ್ಲಿ ಖಾಸಗಿತನ ಅಂದ್ರೆ ಇವತ್ತಿಗೂ 'ಪುಟ್ಟಸ್ವಾಮಿ ಕೇಸ್'.

ಆ ತೀರ್ಪಿನ ಬೆನ್ನಿಗೆ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ, ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಬಿಗಿಯಾಗೋಕೆ ಅಲ್ಲಿಂದ 18 ತಿಂಗಳ ಕಾಲಾವಕಾಶ. ಒಳ್ಳೇ ಅಂಶಗಳಿವೆ. ಯಾವ ಕೆಲಸಕ್ಕೆ ಅಂತ ಹೇಳಿಯೇ ಮಾಹಿತಿ ಕೇಳಬೇಕು. ಕೊಟ್ಟ ಒಪ್ಪಿಗೆ ವಾಪಸ್ ತಗೋಬಹುದು. ಸೋರಿಕೆ ಆದ್ರೆ ತಡ ಮಾಡದೆ ನಿಮಗೂ ಹೇಳಬೇಕು, ಐದು ತಿಂಗಳು ಬಾಯಿ ಮುಚ್ಚಿ ಕೂರುವಂತಿಲ್ಲ. ಭದ್ರತೆಯಲ್ಲಿ ಎಡವಿದ ಕಂಪನಿಗೆ 250 ಕೋಟಿ ರೂಪಾಯಿವರೆಗೆ ದಂಡ.

250 ಕೋಟಿ ಕೇಳಿ ಖುಷಿ ಆಯ್ತಾ? ಸ್ವಲ್ಪ ತಡೀರಿ. ಆ ದಂಡ ಹೋಗೋದು ಭಾರತದ ಸಂಚಿತ ನಿಧಿಗೆ, ಅಂದ್ರೆ ಸರ್ಕಾರದ ಖಜಾನೆಗೆ. ದುಡ್ಡು ಕಳ್ಕೊಂಡ ಅಜ್ಜಿಗೆ ಅದರಲ್ಲಿ ನಯಾಪೈಸೆ ಇಲ್ಲ. ಹಳೇ ಐಟಿ ಕಾಯ್ದೆಯ 43ಎ ಕಲಂನಲ್ಲಿ, ಮಾಹಿತಿ ಕಾಪಾಡದೆ ನಷ್ಟ ಮಾಡಿದ ಕಂಪನಿಯಿಂದ ಪರಿಹಾರ ಕೇಳೋ ದಾರಿ ಒಂದಿತ್ತು. ಹೊಸ ಕಾಯ್ದೆ ಆ ಕಲಮನ್ನೇ ತೆಗೆದುಹಾಕೋ ಏರ್ಪಾಡು ಮಾಡಿದೆ. ಕನ್ನ ಬಿದ್ದಿದ್ದು ನಮ್ಮನೆಗೆ, ದಂಡ ಹೋಗಿದ್ದು ದೆಹಲಿಗೆ. ಇದನ್ನ ನಮ್ಮ ಸಂಸದರು ಸಂಸತ್ತಿನಲ್ಲಿ ಕೇಳಬೇಕು, ಸಂಸದರನ್ನ ನಾವು ಕೇಳಬೇಕು.

ಅಲ್ಲಿವರೆಗೆ ನಮ್ಮ ಕೈಲಿ ಏನಿದೆ?

ಆನ್‌ಲೈನ್ ವ್ಯವಹಾರಕ್ಕೆ ಬೇರೆ ಒಂದು ಖಾತೆ ಇಟ್ಕೊಳ್ಳಿ, ಅದರಲ್ಲಿ ತಿಂಗಳ ಖರ್ಚಿನಷ್ಟೇ ದುಡ್ಡಿರಲಿ. ಪಿಂಚಣಿ, ಡೆಪಾಸಿಟ್ ಇರೋ ಖಾತೆಯನ್ನ ಯಾವ ಆ್ಯಪ್‌ಗೂ ಜೋಡಿಸಬೇಡಿ. ವ್ಯಾಪಾರಿಗಳಾದ್ರೆ ಅಂಗಡಿ ಖಾತೆ, ಮನೆ ಖಾತೆ ಬೇರೆ ಬೇರೆ ಇರಲಿ. ಸೋರಿಕೆಗೂ ತೆರಿಗೆ ಲೆಕ್ಕಕ್ಕೂ ಇದೇ ಮದ್ದು. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಆನ್‌ಲೈನ್ ಬಳಕೆಯನ್ನ ಆಫ್ ಮಾಡೋ, ಮಿತಿ ಹಾಕೋ ಅವಕಾಶ ಇದೆ, ಬಳಸಿ. ಇಮೇಲ್‌ನ ಪಾಸ್‌ವರ್ಡ್ ಬೇರೆ ಎಲ್ಲೂ ಇಡಬೇಡಿ. ತರಕಾರಿ ಕೊಳ್ಳೋಕೆ ಹುಟ್ಟಿದ ದಿನಾಂಕ ಯಾಕೆ? ಕಡ್ಡಾಯ ಅಲ್ಲದಿದ್ರೆ ಆ ಜಾಗ ಖಾಲಿ ಬಿಡಿ. ಬಳಸದ ಆ್ಯಪ್‌ಗಳಲ್ಲಿ ಖಾತೆಯನ್ನೇ ಅಳಿಸಿ, ಬರೀ ಆ್ಯಪ್ ತೆಗೆದ್ರೆ ಮಾಹಿತಿ ಅಲ್ಲೇ ಇರುತ್ತೆ.

ಆಧಾರ್ ಪ್ರತಿ ಕೊಡಲೇಬೇಕಾದ್ರೆ ಮೊದಲ ಎಂಟು ಅಂಕಿ ಮರೆಯಾಗಿರೋ ಮಾಸ್ಕ್ಡ್ ಪ್ರತಿ ಕೊಡಿ. ಪ್ಯಾನ್ ಪ್ರತಿಯ ಮೇಲೆ ಯಾವ ಕಂಪನಿಗೆ, ಯಾವ ಕೆಲಸಕ್ಕೆ, ಯಾವ ತಾರೀಕು ಅಂತ ಅಡ್ಡಲಾಗಿ ಬರೆದು ಸಹಿ ಹಾಕಿ. ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ಎತ್ತಿದ್ದಾರಾ ಅಂತ ನೋಡೋಕೆ, ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಸಲ ಪೂರ್ತಿ ವರದಿಯನ್ನ ಉಚಿತವಾಗಿ ಕೊಡಲೇಬೇಕು.

ಇಷ್ಟಾಗಿಯೂ ದುಡ್ಡು ಹೋಯ್ತು ಅಂದ್ರೆ ನಾಚಿಕೆ ಪಟ್ಕೊಂಡು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಮೊದಲ ಒಂದೆರಡು ಗಂಟೆಯಲ್ಲಿ ದುಡ್ಡು ಇನ್ನೂ ಯಾವುದೋ ಖಾತೆಯಲ್ಲಿ ನಿಂತಿರುತ್ತೆ, ತಡೆಹಿಡಿಯೋ ಸಾಧ್ಯತೆ ಇರುತ್ತೆ. ಮನೆಯವರು ಬೈತಾರೆ ಅಂತ ಎರಡು ದಿನ ಮುಚ್ಚಿಟ್ರೆ ಅದು ಹತ್ತು ಖಾತೆ ದಾಟಿರುತ್ತೆ. ದೇಶದ ಮೊದಲ ಸೈಬರ್ ಕ್ರೈಂ ಪೊಲೀಸ್ ಠಾಣೆ 2001ರಲ್ಲಿ ಶುರುವಾಗಿದ್ದು ಬೆಂಗಳೂರಿನಲ್ಲೇ. ಈಗ ನಗರದಲ್ಲಿ ಸೆನ್ ಠಾಣೆಗಳಿವೆ. ದೂರು ತಗೊಳ್ಳೋದು ಅವರ ಕೆಲಸ, ಉಪಕಾರ ಅಲ್ಲ.

ಇವತ್ತು ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷ ಟಿವಿ ಆಫ್ ಮಾಡಿ. ನಾನು ಟಿವಿಯವನೇ ಹೇಳ್ತಿದ್ದೀನಿ, ಆಫ್ ಮಾಡಿ. ಅಪ್ಪ ಅಮ್ಮನ ಫೋನ್ ತಗೊಂಡು 1930 ಸೇವ್ ಮಾಡಿ. ದುಡ್ಡು ಬರೋಕೆ ಪಿನ್ ಬೇಕಾಗಲ್ಲ ಅಂತ ಅವರಿಗೆ ಒಂದು ಸಲ ಹೇಳಿ. ಆಮೇಲೆ ಇನ್ನೊಂದು ಮಾತು, ಅದು ಇನ್ನೂ ಮುಖ್ಯ: ದುಡ್ಡು ಹೋದ್ರೂ ನಾವು ಬೈಯಲ್ಲ, ಮೊದಲು ನಮಗೆ ಫೋನ್ ಮಾಡಿ ಅಂತ ಹೇಳಿ.